ಮೊದಲ ಅರವತ್ತು ಸೆಕೆಂಡು ಮತ್ತು ಒಂದು ಕ್ಯಾಮೆರಾ: ನವಜಾತ ಶಿಶುವಿನ ಪುನಶ್ಚೇತನ ಮತ್ತು ವಿಡಿಯೊ ಪರಿಶೀಲನೆಗೆ ಮಾರ್ಗದರ್ಶಿ

ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ತಾವಾಗಿಯೇ ಅತ್ತು ಉಸಿರೆಳೆದುಕೊಳ್ಳುತ್ತವೆ. ಉಳಿದವಕ್ಕೆ ಏನಾದರೂ ಸಹಾಯ ಬೇಕು. ನೂರರಲ್ಲಿ ಐದರಷ್ಟು ಮಕ್ಕಳಿಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡಬೇಕಾಗುತ್ತದೆ. ಎದೆ ಒತ್ತುವುದು, ಅಡ್ರಿನಲಿನ್ ಕೊಡುವುದು ಸಾವಿರಕ್ಕೆ ಒಂದರಿಂದ ಮೂರು ಮಕ್ಕಳಿಗೆ ಮಾತ್ರ. ಅಂದರೆ ಹೆರಿಗೆ ಕೊಠಡಿಯಲ್ಲಿ ಮಗುವನ್ನು ಉಳಿಸುವ ಕೆಲಸದ ಬಹುಪಾಲು ಮಾಸ್ಕ್ ಹಿಡಿದ ಕೈಯಲ್ಲಿದೆ. ಆದರೆ ಆ ಕೈ ಏನು ಮಾಡುತ್ತಿದೆ ಎಂಬುದು ಆ ಕೈಯವರಿಗೇ ಸರಿಯಾಗಿ ಕಾಣುವುದಿಲ್ಲ.

ಕೇಸ್ ಶೀಟಿನಲ್ಲಿ 'ಒಂದು ನಿಮಿಷದೊಳಗೆ ಬ್ಯಾಗಿಂಗ್ ಶುರು' ಎಂದು ಬರೆದವರು ಸುಳ್ಳು ಬರೆದಿರುವುದಿಲ್ಲ. ಗಾಬರಿಯಲ್ಲಿ ಕಾಲದ ಅಂದಾಜು ಕೆಡುತ್ತದೆ, ಅಷ್ಟೆ. ಅಮೆರಿಕದ ಸ್ಯಾನ್ ಡಿಯೇಗೊದ ವೈದ್ಯರು 100 ಪುನಶ್ಚೇತನಗಳನ್ನು ವಿಡಿಯೊದಲ್ಲಿ ನೋಡಿ 2000ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅರ್ಧಕ್ಕಿಂತ ಹೆಚ್ಚು ಸಲ ಯಾವುದಾದರೊಂದು ಹಂತದಲ್ಲಿ ಮಾರ್ಗಸೂಚಿ ತಪ್ಪಿತ್ತು. ಅವರೆಲ್ಲ ತರಬೇತಿ ಪಡೆದವರೇ.

ಈ ಬರಹ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಅಥವಾ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ತರಬೇತಿ ಮುಗಿಸಿ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಸ್ಟಾಫ್ ನರ್ಸ್‌ಗಳಿಗೆ, ವೈದ್ಯರಿಗೆ. ಗೊಂಬೆಯ ಮೇಲೆ ಅಭ್ಯಾಸ ಮಾಡದೆ ಬರೀ ಓದಿ ಮಾಡುವ ಕೆಲಸ ಇದಲ್ಲ.

ಹೆರಿಗೆಗೆ ಮುನ್ನ

ಮಗುವನ್ನು ಮಲಗಿಸಿ ಬೆಚ್ಚಗಿಡುವ ವಾರ್ಮರನ್ನು ಹೆರಿಗೆಗೆ 20 ನಿಮಿಷ ಮೊದಲೇ ಹಚ್ಚಿ. ಕೊಠಡಿ 25 ಡಿಗ್ರಿಗಿಂತ ತಣ್ಣಗಿರಬಾರದು. ಫ್ಯಾನ್ ಆರಿಸಿ, ಬೇಸಿಗೆಯಲ್ಲಿ ಇದಕ್ಕೆ ಎಲ್ಲರ ಮುಖವೂ ಸಪ್ಪಗಾಗುತ್ತದೆ, ಆದರೂ ಆರಿಸಿ. ಎರಡು ಒಣ ಬಟ್ಟೆಗಳನ್ನು ವಾರ್ಮರ್ ಕೆಳಗೆ ಬೆಚ್ಚಗಾಗಲು ಇಡಿ.

ಬ್ಯಾಗ್ ಪರೀಕ್ಷೆಗೆ ಹತ್ತು ಸೆಕೆಂಡು ಸಾಕು. ಮಾಸ್ಕಿನ ಬಾಯಿಯನ್ನು ಅಂಗೈಗೆ ಒತ್ತಿ ಹಿಡಿದು ಬ್ಯಾಗ್ ಹಿಚುಕಿ. ಅಂಗೈಗೆ ಒತ್ತಡ ತಿಳಿಯಬೇಕು, ಜೋರಾಗಿ ಹಿಚುಕಿದರೆ 30ರಿಂದ 40 ಸೆಂಟಿಮೀಟರ್ ನೀರಿನ ಒತ್ತಡದಲ್ಲಿ ಪಾಪ್-ಆಫ್ ವಾಲ್ವ್ (ಹೆಚ್ಚಾದ ಒತ್ತಡವನ್ನು ಹೊರಬಿಡುವ ಬಿರಡೆ) ಸದ್ದು ಮಾಡಿ ತೆರೆದುಕೊಳ್ಳಬೇಕು, ಕೈ ಬಿಟ್ಟ ಕೂಡಲೇ ಬ್ಯಾಗ್ ಮೊದಲಿನಂತೆ ಉಬ್ಬಬೇಕು. ಬ್ಯಾಗ್ ಕೈಕೊಡುವುದು ಹೆಚ್ಚಾಗಿ ಅದನ್ನು ತೊಳೆದು ಮತ್ತೆ ಜೋಡಿಸಿದ ಮೇಲೆ. ಒಳಗಿನ ತೆಳ್ಳನೆಯ ರಬ್ಬರ್ ವಾಲ್ವ್ ಒಣಗಲು ಇಟ್ಟ ಟ್ರೇಯಲ್ಲೇ ಉಳಿದಿರುತ್ತದೆ, ಇಲ್ಲವೇ ತಿರುವುಮುರುವಾಗಿ ಕೂತಿರುತ್ತದೆ. ಅಂಥ ಬ್ಯಾಗ್ ನೋಡಲು ಚೆನ್ನಾಗಿಯೇ ಇರುತ್ತದೆ, ಮಗುವಿಗೆ ಮಾತ್ರ ಗಾಳಿ ಹೋಗುವುದಿಲ್ಲ. ಆದ್ದರಿಂದ ಪರೀಕ್ಷೆ ಪ್ರತಿ ಹೆರಿಗೆಗೂ ಬೇಕು, ಬೆಳಗಿನ ಶಿಫ್ಟಿಗೆ ಒಂದು ಸಲ ಸಾಲದು. 0 ಮತ್ತು 1ನೇ ಸೈಜಿನ ಮಾಸ್ಕ್ ಎರಡೂ ಕೈಗೆಟುಕುವಂತಿರಲಿ. ಸಕ್ಷನ್ (ಬಾಯಿ, ಮೂಗಿನ ದ್ರವ ಹೀರುವ ಯಂತ್ರ) ಒತ್ತಡ 80ರಿಂದ 100 ಮಿಲಿಮೀಟರ್ ಪಾದರಸ.

ಹೆರಿಗೆ ಮಾಡಿಸುವವರನ್ನು ನಾಲ್ಕು ಪ್ರಶ್ನೆ ಕೇಳಿ: ಎಷ್ಟು ವಾರ ತುಂಬಿದೆ? ನೀರು ತಿಳಿಯಾಗಿದೆಯೇ? ಬೇರೆ ಏನಾದರೂ ಅಪಾಯವಿದೆಯೇ? ಹೊಕ್ಕುಳಬಳ್ಳಿಯನ್ನು ಯಾವಾಗ ಕತ್ತರಿಸುವುದು? ಮಗುವನ್ನು ನೋಡಿಕೊಳ್ಳುವುದೊಂದೇ ಕೆಲಸವಾಗಿರುವ ಒಬ್ಬರು ಅಲ್ಲಿರಬೇಕು. ಆಕ್ಸಿಟೋಸಿನ್ ಕೊಡುವವರೂ ಅವರೇ, ಮಗು ಎತ್ತಿಕೊಳ್ಳುವವರೂ ಅವರೇ ಎಂದಾದರೆ ಮೊದಲ ನಿಮಿಷ ಕೈಬಿಟ್ಟಂತೆಯೇ.

ಹುಟ್ಟಿದ ಕ್ಷಣದಿಂದ 60 ಸೆಕೆಂಡು

ಮಗು ಪೂರ್ತಿ ಹೊರಬಂದ ಕೂಡಲೇ ಒಬ್ಬರು ಗಟ್ಟಿಯಾಗಿ ಹೇಳಿ ಟೈಮರ್ ಒತ್ತಬೇಕು. ತಾಯಿಯ ಹೊಟ್ಟೆಯ ಮೇಲೆಯೇ ಮಗುವನ್ನು ಒರೆಸಿ, ಒದ್ದೆ ಬಟ್ಟೆ ತೆಗೆದುಹಾಕಿ. ಅಳುತ್ತಿದ್ದರೆ, ಕೈಕಾಲು ಮಡಚಿಕೊಂಡು ಬಿಗಿಯಾಗಿದ್ದರೆ ಅಲ್ಲೇ ಇರಲಿ. ಬಳ್ಳಿ ಕತ್ತರಿಸಲು ಕನಿಷ್ಠ ಒಂದು ನಿಮಿಷ ಕಾಯಿರಿ. ವಿಶ್ವ ಆರೋಗ್ಯ ಸಂಸ್ಥೆ 1ರಿಂದ 3 ನಿಮಿಷ ಎನ್ನುತ್ತದೆ. 28 ವಾರ ತುಂಬದ ಮಗುವಿನಲ್ಲಿ ಬಳ್ಳಿಯನ್ನು ಹಿಂಡಿ ರಕ್ತ ತಳ್ಳಬೇಡಿ. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಅಷ್ಟು ಎಳೆಯ ಮಕ್ಕಳಿಗೆ ಹೀಗೆ ಮಾಡಿದಾಗ ಮೆದುಳಿನೊಳಗೆ ತೀವ್ರ ರಕ್ತಸ್ರಾವ ಹೆಚ್ಚಾಗಿ ಕಂಡಿತ್ತು.

ಅಳದಿದ್ದರೆ ಒರೆಸುತ್ತಲೇ ಬೆನ್ನನ್ನು ಎರಡು ಮೂರು ಸಲ ಮೇಲೆ ಕೆಳಗೆ ಉಜ್ಜಿ. ಕಾಲು ಹಿಡಿದು ತಲೆಕೆಳಗೆ ಮಾಡುವುದು, ಬೆನ್ನಿಗೆ ತಟ್ಟುವುದು, ನೀರು ಚಿಮುಕಿಸುವುದು ಯಾವುದೂ ಬೇಡ. ಆಗಲೂ ಉಸಿರಿಲ್ಲದಿದ್ದರೆ ಬಳ್ಳಿ ಕತ್ತರಿಸಿ ವಾರ್ಮರಿಗೆ ತನ್ನಿ. ತಲೆ ತೀರಾ ಬಾಗಿರಬಾರದು, ತೀರಾ ಹಿಂದಕ್ಕೂ ಹೋಗಿರಬಾರದು. ಭುಜದ ಕೆಳಗೆ ಎರಡು ಸೆಂಟಿಮೀಟರಿನಷ್ಟು ದಪ್ಪ ಮಡಚಿದ ಬಟ್ಟೆ ಇಟ್ಟರೆ ಭಂಗಿ ತಾನಾಗಿ ಸರಿಹೋಗುತ್ತದೆ. ಬಟ್ಟೆ ಜಾರಿ ತಲೆಯ ಕೆಳಗೆ ಹೋದರೆ ಕುತ್ತಿಗೆ ಮಡಚಿ ಶ್ವಾಸನಾಳ ಮುಚ್ಚುತ್ತದೆ.

32 ವಾರ ತುಂಬದ ಮಗುವನ್ನು ಒರೆಸಬೇಡಿ. ಒದ್ದೆಯಾಗಿರುವಂತೆಯೇ ಕುತ್ತಿಗೆಯವರೆಗೆ ಶುಭ್ರವಾದ ಪ್ಲಾಸ್ಟಿಕ್ ಚೀಲದಲ್ಲಿ ಸೇರಿಸಿ, ತಲೆಗೆ ಟೋಪಿ ಹಾಕಿ ವಾರ್ಮರ್ ಕೆಳಗಿಡಿ. ಮೈಬಿಸಿ 36.5ರಿಂದ 37.5 ಡಿಗ್ರಿ ಇರಬೇಕು.

ಸಕ್ಷನ್ ಈಗ ಎಲ್ಲ ಮಕ್ಕಳಿಗೂ ಇಲ್ಲ. ಬಾಯಲ್ಲಿ ಏನಾದರೂ ಕಟ್ಟಿಕೊಂಡಿದ್ದರೆ ಮಾತ್ರ. ಮೊದಲು ಬಾಯಿ, ಆಮೇಲೆ ಮೂಗು. ಮೊದಲು ಮೂಗಿಗೆ ಹಾಕಿದರೆ ಮಗು ಬೆಚ್ಚಿ ಉಸಿರೆಳೆದು ಬಾಯಲ್ಲಿದ್ದದ್ದನ್ನು ಒಳಗೆ ಎಳೆದುಕೊಳ್ಳುತ್ತದೆ. ಕೊಳವೆಯನ್ನು ಗಂಟಲಾಳಕ್ಕೆ ತೂರಿಸಿದರೆ ಹೃದಯ ಬಡಿತ ಇಳಿಯುತ್ತದೆ. ಮಗು ಹೊಟ್ಟೆಯಲ್ಲೇ ಮಲ ಮಾಡಿಕೊಂಡು ಸುಸ್ತಾಗಿ ಹುಟ್ಟಿದರೆ ಕೂಡಲೇ ಟ್ಯೂಬ್ ಹಾಕಿ ಶ್ವಾಸನಾಳದಿಂದ ಎಳೆಯುವ ರೂಢಿ ಬಹಳ ಕಾಲ ಇತ್ತು. ಅಂತರರಾಷ್ಟ್ರೀಯ ಮಾರ್ಗಸೂಚಿಗಳು 2015ರಲ್ಲಿ ಅದನ್ನು ಕೈಬಿಟ್ಟವು. ಪುದುಚೇರಿಯ ಜಿಪ್ಮರ್‌ನಲ್ಲಿ ನಡೆದ ಪ್ರಯೋಗವೂ ಅದರಿಂದ ಲಾಭ ಕಾಣಲಿಲ್ಲ. ಈ ಮಗುವಿಗೂ ಬೇಕಾಗಿರುವುದು ಗಾಳಿಯೇ.

60ನೇ ಸೆಕೆಂಡಿನೊಳಗೆ, ಉಸಿರಿಲ್ಲದ ಅಥವಾ ಏದುಸಿರು ಬಿಡುತ್ತಿರುವ ಮಗುವಿಗೆ, ಇಲ್ಲವೇ ಹೃದಯ ಬಡಿತ ನಿಮಿಷಕ್ಕೆ 100ಕ್ಕಿಂತ ಕಡಿಮೆ ಇರುವ ಮಗುವಿಗೆ ಗಾಳಿ ಶುರುವಾಗಬೇಕು.

ಮಾಸ್ಕ್: ಎಲ್ಲ ಇರುವುದು ಇಲ್ಲೇ

ಮಾಸ್ಕಿನ ಅಂಚನ್ನು ಮೊದಲು ಗದ್ದದ ತುದಿಗೆ ಕೂರಿಸಿ, ಅಲ್ಲಿಂದ ಬಾಯಿ ಮತ್ತು ಮೂಗಿನ ಮೇಲೆ ಮಗುಚಿ. ಕಣ್ಣಿಗೆ ತಾಗಬಾರದು, ಗದ್ದದಿಂದ ಕೆಳಗೆ ಜೋತು ಬೀಳಬಾರದು. ಹೆಬ್ಬೆರಳು, ತೋರುಬೆರಳು ಮಾಸ್ಕಿನ ಅಂಚಿನ ಸುತ್ತ. ಉಳಿದ ಮೂರು ಬೆರಳು ದವಡೆಯ ಮೂಳೆಯ ಕೆಳಗೆ. ಮಾಸ್ಕನ್ನು ಮುಖಕ್ಕೆ ಒತ್ತುವುದು ಎಲ್ಲರೂ ಮಾಡುವ ತಪ್ಪು. ಒತ್ತಿದರೆ ತಲೆ ಬಾಗುತ್ತದೆ, ದವಡೆ ಹಿಂದಕ್ಕೆ ಹೋಗಿ ನಾಲಿಗೆ ಗಂಟಲಿಗೆ ಅಡ್ಡವಾಗುತ್ತದೆ. ದವಡೆಯನ್ನು ಮಾಸ್ಕಿನ ಕಡೆಗೆ ಎತ್ತಬೇಕು. ಬೆರಳುಗಳು ಮೂಳೆಯ ಮೇಲಿರಲಿ. ಗದ್ದದ ಕೆಳಗಿನ ಮೆತ್ತನೆಯ ಜಾಗವನ್ನು ಒತ್ತಿದರೂ ದಾರಿ ಮುಚ್ಚುತ್ತದೆ.

ವೇಗ ನಿಮಿಷಕ್ಕೆ 40ರಿಂದ 60. 'ಒತ್ತು, ಎರಡು, ಮೂರು. ಒತ್ತು, ಎರಡು, ಮೂರು' ಎಂದು ಬಾಯಿಬಿಟ್ಟು ಎಣಿಸಿದರೆ ವೇಗ ತಪ್ಪುವುದಿಲ್ಲ. ಎಣಿಸದೆ ಹಿಚುಕುವವರ ಕೈ ಗಾಬರಿಯಲ್ಲಿ ಓಡತೊಡಗುತ್ತದೆ, ಉಸಿರು ಹೊರಗೆ ಬರಲು ಸಮಯವೇ ಸಿಗುವುದಿಲ್ಲ. ಒತ್ತಡ 20ರಿಂದ 25 ಸೆಂಟಿಮೀಟರ್ ನೀರು. ಟಿ-ಪೀಸ್ (ಒತ್ತಡ ನಿಗದಿಪಡಿಸಿ ಗಾಳಿ ಕೊಡುವ ಸಾಧನ) ಅಥವಾ ಪೀಪ್ ವಾಲ್ವ್ ಇದ್ದರೆ ಉಸಿರಿನ ಕೊನೆಯ ಒತ್ತಡ 5. ಎದೆ ಮೆಲ್ಲಗೆ ಎದ್ದರೆ ಸಾಕು. ಮಗು ದೊಡ್ಡ ಉಸಿರೆಳೆದಂತೆ ಎದೆ ಉಬ್ಬಿದರೆ ಅದು ಹೆಚ್ಚು. ಶ್ವಾಸಕೋಶ ಹರಿದು ಎದೆಗೂಡಿನಲ್ಲಿ ಗಾಳಿ ತುಂಬಬಹುದು. ಮೊದಲ ಉಸಿರನ್ನು ಹದಿನೈದು ಸೆಕೆಂಡು ಹಿಡಿದಿಡುವ ಪ್ರಯೋಗವೂ ನಡೆದಿತ್ತು. ತೀರಾ ಎಳೆಯ ಮಕ್ಕಳಲ್ಲಿ ಆರಂಭದ ಸಾವುಗಳು ಹೆಚ್ಚು ಕಂಡದ್ದರಿಂದ ಆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಲಾಯಿತು; 2019ರಲ್ಲಿ ಅದರ ಫಲಿತಾಂಶ ಬಂತು. ಈಗ ಅದು ಬೇಡ.

35 ವಾರ ಮೇಲ್ಪಟ್ಟ ಮಗುವಿಗೆ ಮಾಮೂಲಿ ಗಾಳಿಯಿಂದಲೇ, ಅಂದರೆ 21 ಶೇಕಡಾ ಆಮ್ಲಜನಕದಿಂದ ಶುರು ಮಾಡಿ. ರಕ್ತದಲ್ಲಿನ ಆಮ್ಲಜನಕವನ್ನು ಶೇಕಡಾದಲ್ಲಿ ತೋರಿಸುವ ಪಲ್ಸ್ ಆಕ್ಸಿಮೀಟರ್ ಬಲಗೈಗೆ ಹಾಕಿ. ಒಂದನೇ ನಿಮಿಷಕ್ಕೆ 60ರಿಂದ 65, ಐದನೇ ನಿಮಿಷಕ್ಕೆ 80ರಿಂದ 85, ಹತ್ತನೇ ನಿಮಿಷಕ್ಕೆ 85ರಿಂದ 95 ಬರಬೇಕು. ಎರಡನೇ ನಿಮಿಷದಲ್ಲಿ 68 ಕಂಡರೆ ಸಿಲಿಂಡರಿನತ್ತ ಓಡಬೇಡಿ, ಆ ಹೊತ್ತಿಗೆ ಅದು ಸರಿಯಾದ ಅಂಕಿ.

15 ಸೆಕೆಂಡು ಗಾಳಿ ಕೊಟ್ಟ ಮೇಲೆ ಕೇಳಬೇಕಾದ್ದು: ಬಡಿತ ಏರುತ್ತಿದೆಯೇ? ಏರುತ್ತಿಲ್ಲವಾದರೆ, ಎದೆ ಏಳುತ್ತಿದೆಯೇ? ಏಳುತ್ತಿಲ್ಲವಾದರೆ ಈ ಕ್ರಮದಲ್ಲಿ ಸರಿಪಡಿಸಿ:

1. ಮಾಸ್ಕ್ ಎತ್ತಿ ಮತ್ತೆ ಕೂರಿಸಿ, ತಲೆಯ ಭಂಗಿ ಸರಿಮಾಡಿ. ಐದು ಉಸಿರು ಕೊಟ್ಟು ನೋಡಿ.
2. ಬಾಯಿ, ಮೂಗು ಸಕ್ಷನ್ ಮಾಡಿ, ಬಾಯಿ ಸ್ವಲ್ಪ ತೆರೆದಿಟ್ಟು ಮಾಸ್ಕ್ ಹಾಕಿ. ಮತ್ತೆ ಐದು ಉಸಿರು.
3. ಒತ್ತಡವನ್ನು 5ರಿಂದ 10ರಂತೆ ಏರಿಸಿ. ತಿಂಗಳು ತುಂಬಿದ ಮಗುವಿಗೆ 40, ತುಂಬದ ಮಗುವಿಗೆ 30 ಗರಿಷ್ಠ.
4. ಆಗಲೂ ಏಳದಿದ್ದರೆ ಲ್ಯಾರಿಂಜಿಯಲ್ ಮಾಸ್ಕ್ (ಗಂಟಲೊಳಗೆ ಧ್ವನಿಪೆಟ್ಟಿಗೆಯ ಮೇಲೆ ಕೂರುವ ಮಾಸ್ಕ್) ಅಥವಾ ಎಂಡೊಟ್ರೇಕಿಯಲ್ ಟ್ಯೂಬ್ (ಶ್ವಾಸನಾಳಕ್ಕೆ ಇಳಿಸುವ ಕೊಳವೆ).

ಮೊದಲ ಹೆಜ್ಜೆಯಲ್ಲೇ ಬಹಳಷ್ಟು ಮಕ್ಕಳ ಎದೆ ಏಳುತ್ತದೆ. ಎರಡು ಕೆ.ಜಿ. ಮೇಲ್ಪಟ್ಟ ಮಗುವಿಗೆ 1ನೇ ಸೈಜಿನ ಲ್ಯಾರಿಂಜಿಯಲ್ ಮಾಸ್ಕ್ ಕಡಿಮೆ ತರಬೇತಿಯಲ್ಲಿ ಕಲಿಯಬಹುದಾದ ಸಾಧನ. ಉಗಾಂಡದ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ಸೂಲಗಿತ್ತಿ ದಾದಿಯರೇ ಇದನ್ನು ಸುರಕ್ಷಿತವಾಗಿ ಬಳಸಿದರು. ಸಾವು ಮತ್ತು ಮೆದುಳಿನ ಹಾನಿಯಲ್ಲಿ ಮಾಮೂಲಿ ಮಾಸ್ಕಿಗಿಂತ ವ್ಯತ್ಯಾಸ ಕಾಣಲಿಲ್ಲ ಎನ್ನುವುದೂ ಅದೇ ಪ್ರಯೋಗದ ಫಲಿತಾಂಶ. ಇಂಟ್ಯುಬೇಷನ್ (ಆ ಟ್ಯೂಬ್ ಹಾಕುವುದು) ಗೊತ್ತಿರುವವರು ಇಲ್ಲದ ರಾತ್ರಿ ಪಾಳಿಗೆ ಇದೊಂದು ವಾರ್ಮರ್ ಪಕ್ಕದಲ್ಲಿರಲಿ ಎಂಬುದು ನಮ್ಮ ಅಭಿಪ್ರಾಯ.

ಬಡಿತವನ್ನು ಸ್ಟೆತಸ್ಕೋಪಿನಲ್ಲಿ 6 ಸೆಕೆಂಡು ಎಣಿಸಿ 10ರಿಂದ ಗುಣಿಸಿ. ಕೇಳುವವರು ಬೆರಳಿನಿಂದ ಹಾಸಿಗೆಯ ಅಂಚಿಗೆ ತಾಳ ಹಾಕಿದರೆ ಎಲ್ಲರಿಗೂ ತಿಳಿಯುತ್ತದೆ. ಬಳ್ಳಿಯ ಬುಡ ಹಿಡಿದು ಎಣಿಸಿದರೆ ಅಂಕಿ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಮೂರು ತಂತಿಯ ಇ.ಸಿ.ಜಿ. ಇದ್ದರೆ ಆಕ್ಸಿಮೀಟರಿಗಿಂತ ಬೇಗ ತೋರಿಸುತ್ತದೆ.

ಗಾಳಿ ಹೋಗುತ್ತಿದ್ದರೂ ಬಡಿತ 60ಕ್ಕಿಂತ ಕೆಳಗಿದ್ದರೆ

ಎದೆ ಏಳುವಂತೆ, ಸಾಧ್ಯವಾದರೆ ಟ್ಯೂಬಿನ ಮೂಲಕ, 30 ಸೆಕೆಂಡು ಗಾಳಿ ಕೊಟ್ಟ ಮೇಲೆಯೇ ಎದೆ ಒತ್ತುವ ಮಾತು. ಎರಡೂ ಕೈಗಳಿಂದ ಎದೆಗೂಡನ್ನು ಬಳಸಿ, ಎದೆಮೂಳೆಯ ಕೆಳಭಾಗದ ಮೇಲೆ ಎರಡು ಹೆಬ್ಬೆರಳಿಟ್ಟು, ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಒತ್ತಿ. ಮೂರು ಒತ್ತು, ಒಂದು ಉಸಿರು. ನಿಮಿಷಕ್ಕೆ 90 ಮತ್ತು 30. ಆಮ್ಲಜನಕ 100 ಶೇಕಡಾಕ್ಕೆ ಏರಿಸಿ. 60 ಸೆಕೆಂಡು ಬಿಡದೆ ಮಾಡಿ ಆಮೇಲೆ ಬಡಿತ ನೋಡಿ.

ಆಗಲೂ 60 ದಾಟದಿದ್ದರೆ ಅಡ್ರಿನಲಿನ್. 1 ಮಿಲಿಗ್ರಾಂನ 1 ಮಿ.ಲೀ. ಆಂಪ್ಯೂಲಿಗೆ 9 ಮಿ.ಲೀ. ನಾರ್ಮಲ್ ಸಲೈನ್ ಬೆರೆಸಿ. ಅದರಲ್ಲಿ ಹೊಕ್ಕುಳ ರಕ್ತನಾಳದಿಂದ (ವೇನ್) ಕೆ.ಜಿ.ಗೆ 0.2 ಮಿ.ಲೀ., ಹಿಂದೆಯೇ 3 ಮಿ.ಲೀ. ಸಲೈನ್. ಬೇಕಾದರೆ 3ರಿಂದ 5 ನಿಮಿಷಕ್ಕೊಮ್ಮೆ. ನಾಳ ಸಿಗುವವರೆಗೆ ಟ್ಯೂಬಿನಲ್ಲಿ ಕೊಡುವುದಾದರೆ ಕೆ.ಜಿ.ಗೆ 1 ಮಿ.ಲೀ. ಎರಡು ಪ್ರಮಾಣಗಳ ನಡುವೆ ಐದು ಪಟ್ಟು ಅಂತರವಿದೆ, ಸಿರಿಂಜುಗಳಿಗೆ ಬೇರೆ ಬೇರೆ ಲೇಬಲ್ ಹಚ್ಚಿ. ರಕ್ತ ಹೋಗಿರುವ ಅನುಮಾನವಿದ್ದರೆ ಕೆ.ಜಿ.ಗೆ 10 ಮಿ.ಲೀ. ಸಲೈನ್, 5ರಿಂದ 10 ನಿಮಿಷದಲ್ಲಿ.

ಎಲ್ಲ ಮಾಡಿಯೂ ಬಡಿತವೇ ಬಾರದಿದ್ದರೆ ಸುಮಾರು 20ನೇ ನಿಮಿಷದಲ್ಲಿ ತಂಡ ಮತ್ತು ಮನೆಯವರು ಮಾತಾಡಿ ತೀರ್ಮಾನಿಸಬೇಕು. ಉಳಿದುಕೊಂಡ ಮಗುವಿನ ಸಕ್ಕರೆ, ಉಸಿರು, ಮೈಬಿಸಿ ನೋಡುತ್ತ ಎಸ್‌ಎನ್‌ಸಿಯುಗೆ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಕಳಿಸಿ. ಮೆದುಳಿನ ಹಾನಿ ತಗ್ಗಿಸಲೆಂದು ಮೈ ತಣ್ಣಗೆ ಮಾಡುವ ಚಿಕಿತ್ಸೆಯನ್ನು ತಾಲ್ಲೂಕು ಮಟ್ಟದಲ್ಲಿ ಐಸ್ ಇಟ್ಟು ಪ್ರಯತ್ನಿಸಬೇಡಿ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಂಪು ಮಾಡಿದ ಮಕ್ಕಳಲ್ಲೇ ಸಾವು ಹೆಚ್ಚಿತ್ತು.

ಕ್ಯಾಮೆರಾ ಹಾಕುವ ಮೊದಲು ಕಾಗದ

ಮೊದಲು ಆಸ್ಪತ್ರೆಯ ಮುಖ್ಯಸ್ಥರ ಲಿಖಿತ ಆದೇಶ ಬೇಕು: ಈ ವಿಡಿಯೊ ಕಲಿಕೆಗೆ ಮಾತ್ರ, ಶಿಸ್ತುಕ್ರಮಕ್ಕೆ ಅಲ್ಲ, ಯಾರು ನೋಡಬಹುದು, ಎಷ್ಟು ದಿನ ಇಡಬೇಕು, ಅಳಿಸುವವರು ಯಾರು. ದೂರು ಅಥವಾ ನೋಟಿಸ್ ಬಂದ ಪ್ರಕರಣದ ವಿಡಿಯೊವನ್ನು ಅಳಿಸುವಂತಿಲ್ಲ. ಆ ಸಾಲೂ ಆದೇಶದಲ್ಲಿರಲಿ. ಕಾನೂನು ಸಲಹೆಗಾರರಿಗೆ ತೋರಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ.

ತಾಯಿಯ ಒಪ್ಪಿಗೆಯನ್ನು ಗರ್ಭಿಣಿ ತಪಾಸಣೆಗೆ ಬಂದಾಗ ಕೇಳಿ. ನೋವು ಶುರುವಾದ ಮೇಲೆ ಹಾಕಿಸಿಕೊಂಡ ಸಹಿಗೆ ಬೆಲೆಯಿಲ್ಲ. 'ಬೇಡಮ್ಮ ಅಂದ್ರೂ ಆರೈಕೆಯಲ್ಲಿ ಏನೂ ವ್ಯತ್ಯಾಸ ಆಗಲ್ಲ' ಎಂದು ಬಾಯಿಬಿಟ್ಟು ಹೇಳಿ. ನರ್ಸ್‌ಗಳ ಒಪ್ಪಿಗೆಯೂ ಅಷ್ಟೇ ಮುಖ್ಯ. ಅವರಿಗೆ ನಂಬಿಕೆ ಬಾರದಿದ್ದರೆ ಮೂರನೇ ವಾರಕ್ಕೆ ಕ್ಯಾಮೆರಾದ ಪ್ಲಗ್ ಹೇಗೋ ಸಡಿಲವಾಗಿರುತ್ತದೆ.

ಎಲ್ಲಿ, ಹೇಗೆ

ಚೌಕಟ್ಟಿನಲ್ಲಿ ಮಗುವಿನ ತಲೆಯಿಂದ ಪಾದದವರೆಗೆ, ಕೆಲಸ ಮಾಡುವವರ ಕೈಗಳು, ಟೈಮರ್ ಮತ್ತು ಮಾನಿಟರಿನ ಪರದೆ ಬರಬೇಕು. ತಾಯಿಯ ಮಂಚ ಬರಕೂಡದು. ಮಾಸ್ಕ್ ಹಿಡಿಯುವವರು ತಲೆಯ ಕಡೆ ನಿಂತು ಬಾಗುತ್ತಾರೆ. ಆ ಕಡೆ ಕ್ಯಾಮೆರಾ ಹಾಕಿದರೆ ಕಾಣುವುದು ಅವರ ಹೆರಳು ಮಾತ್ರ. ಕಾಲಿನ ಕಡೆಯ ಗೋಡೆಗೆ ಸ್ವಲ್ಪ ಪಕ್ಕಕ್ಕೆ, ಮೇಲಿನಿಂದ ಓರೆಯಾಗಿ ನೋಡುವಂತೆ ಹಾಕಿ. ವಾರ್ಮರಿನ ಶಾಖದ ದಾರಿಗೆ ಅಡ್ಡ ಬರಬಾರದು. ವಾರ್ಮರಿನ ದೀಪ ಹಚ್ಚಿದರೆ ಮಗುವಿನ ಎದೆ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ, ಏಳುವುದು ಬೀಳುವುದು ತಿಳಿಯುವುದಿಲ್ಲ. ದೀಪ ಹಚ್ಚಿ, ಗೊಂಬೆ ಮಲಗಿಸಿ, ಎಕ್ಸ್‌ಪೋಷರ್ ತಗ್ಗಿಸಿ ಲಾಕ್ ಮಾಡಿ.

ಧ್ವನಿ ಬೇಕು, ಯಾರು ಏನು ಹೇಳಿದರು, ಯಾರಿಗೆ ಕೇಳಿಸಲಿಲ್ಲ ಎಂಬುದು ಅದರಲ್ಲೇ ಇದೆ. ತಾಯಿಯ ಮಾತೂ ಸೇರುವುದರಿಂದ ಒಪ್ಪಿಗೆಪತ್ರದಲ್ಲಿ ಬರೆದಿರಬೇಕು. ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಹತ್ತು ನಿಮಿಷದ ವಿಡಿಯೊ ಸುಮಾರು 300 ಮೆಗಾಬೈಟ್ ಆಗುತ್ತದೆ; ಬೀಗವಿರುವ ಕೊಠಡಿಯ ಒಂದು ರೆಕಾರ್ಡರ್ ಸಾಕು. ಇಂಟರ್ನೆಟ್ಟಿಗೆ ಜೋಡಿಸಬೇಡಿ, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ, ಯುಪಿಎಸ್ ಕೊಡಿ. ಸ್ವಂತ ಮೊಬೈಲಿನಲ್ಲಿ ಚಿತ್ರೀಕರಣ ಖಂಡಿತ ಬೇಡ. ವಾಟ್ಸಾಪ್ ಗುಂಪಿಗೆ ಹೋದ ವಿಡಿಯೊವನ್ನು ಯಾವ ಆದೇಶವೂ ವಾಪಸು ತರುವುದಿಲ್ಲ.

ನೋಡುವ ಬಗೆ

ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ನವಜಾತ ಶಿಶು ವಿಭಾಗದವರು ತಮ್ಮ ಕೆಲಸದ ವಿಡಿಯೊಗಳನ್ನು ಒಟ್ಟಿಗೆ ಕೂತು ನೋಡುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಅವರು ತಪ್ಪಿನ ಜೊತೆಗೆ ಸರಿಯಾಗಿ ನಡೆದದ್ದನ್ನೂ ನಿಲ್ಲಿಸಿ ನೋಡುತ್ತಾರೆ. ವಾರಕ್ಕೆ ಒಂದು ಗಂಟೆ, ಒಂದೋ ಎರಡೋ ವಿಡಿಯೊ ಸಾಕು. ವಿಡಿಯೊದಲ್ಲಿರುವವರು ಒಪ್ಪಿದ ಮೇಲೆಯೇ ಉಳಿದವರಿಗೆ ತೋರಿಸಿ. ಮೊದಲ ಸಲ ನಿಲ್ಲಿಸದೆ ಪೂರ್ತಿ ನೋಡಿ. ಎರಡನೇ ಸಲ ಕಾಗದದಲ್ಲಿ ಸಮಯ ಬರೆಯುತ್ತ ಹೋಗಿ. ಬರೆದದ್ದು ಹೇಗಿರುತ್ತದೆ ಎಂದು ತೋರಿಸಲು ಒಂದು ಕಲ್ಪಿತ ಮಾದರಿ:

0:00 ಹುಟ್ಟಿತು
0:24 ವಾರ್ಮರಿಗೆ ಬಂತು
0:26 ಸಕ್ಷನ್ ಶುರು
0:49 ಸಕ್ಷನ್ ಮುಗಿಯಿತು
0:58 ಮಾಸ್ಕ್, ಮೊದಲ ಉಸಿರು
1:21 ಎದೆ ಏಳುತ್ತಿಲ್ಲ ಎಂದು ಒಬ್ಬರು ಹೇಳಿದರು
1:27 ಭುಜದ ಕೆಳಗಿನ ಬಟ್ಟೆ ಸರಿಮಾಡಿದರು
1:31 ಎದೆ ಎದ್ದಿತು
1:50 ಬಡಿತ ಎಣಿಸಲು ಬ್ಯಾಗ್ ನಿಲ್ಲಿಸಿದರು
2:03 ಮತ್ತೆ ಶುರು

ಕೇಸ್ ಶೀಟಿನ ಪ್ರಕಾರ ಈ ತಂಡ ಪಾಸು: 58ನೇ ಸೆಕೆಂಡಿಗೆ ಬ್ಯಾಗಿಂಗ್ ಶುರುವಾಗಿದೆ. ಮಗುವಿನ ಶ್ವಾಸಕೋಶಕ್ಕೆ ಗಾಳಿ ಹೋದದ್ದು ಮಾತ್ರ 91ನೇ ಸೆಕೆಂಡಿಗೆ. ತಿಳಿನೀರಿನ ಮಗುವಿಗೆ 23 ಸೆಕೆಂಡು ಸಕ್ಷನ್ ಹೋಗಿದೆ, ಎಣಿಸಲೆಂದು 13 ಸೆಕೆಂಡು ಗಾಳಿ ನಿಂತಿದೆ. ಪ್ರತಿ ವಿಡಿಯೊದಲ್ಲೂ ಮುಖ್ಯವಾಗಿ ಬರೆದಿಡಬೇಕಾದ ಅಂಕಿ ಎರಡೇ: ಎದೆ ಮೊದಲು ಎದ್ದ ಸಮಯ, ಮತ್ತು ಗಾಳಿ ನಿಂತ ಸೆಕೆಂಡುಗಳ ಮೊತ್ತ.

ಸಭೆ ನಡೆಸುವವರ ನಾಲಿಗೆಯ ಮೇಲೆ ಎಲ್ಲ ನಿಂತಿದೆ. 'ಯಾಕೆ ಹಾಗೆ ಮಾಡಿದ್ರಿ?' ಎಂದರೆ ಮುಂದಿನ ವಾರ ಯಾರೂ ಬರುವುದಿಲ್ಲ. 'ಆ ಹೊತ್ತಿಗೆ ನಿಮಗೆ ಏನು ಕಾಣ್ತಿತ್ತು ಸಿಸ್ಟರ್?' ಎಂದು ಕೇಳಿ. 'ಮಾಸ್ಕ್ ಹಿಡಿದವರಿಗೆ ಎದೆ ಕಾಣಲ್ಲ ಸರ್, ಬಟ್ಟೆ ಮುಚ್ಚಿತ್ತು' ಎಂಬಂಥ ಉತ್ತರ ಬರುತ್ತದೆ. ಮರುದಿನದಿಂದ ಬಟ್ಟೆಯನ್ನು ಎದೆಯಿಂದ ಸರಿಸುವುದು ನಿಯಮವಾದರೆ ಆ ಗಂಟೆ ಸಾರ್ಥಕ. ಪ್ರತಿ ಸಭೆಯಿಂದ ಅಂಥ ಒಂದೇ ಒಂದು ಬದಲಾವಣೆ ಹೊರಬರಲಿ. ಮಗು ತೀರಿಕೊಂಡ ಪ್ರಕರಣವನ್ನು ಆ ವಾರವೇ ಹಾಕಬೇಡಿ, ಪೋಷಕರನ್ನು ಮತ್ತೊಮ್ಮೆ ಕೇಳದೆ ಯಾವತ್ತೂ ಹಾಕಬೇಡಿ.

ವಿಡಿಯೊದ ಇನ್ನೆರಡು ಉಪಯೋಗ

ಟ್ಯೂಬ್ ಹಾಕುವಾಗ ಗಂಟಲೊಳಗೆ ನೋಡಲು ಬಳಸುವ, ತುದಿಯಲ್ಲಿ ಕ್ಯಾಮೆರಾ ಇರುವ ಲ್ಯಾರಿಂಗೋಸ್ಕೋಪಿನಲ್ಲಿ ಧ್ವನಿಪೆಟ್ಟಿಗೆ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಡಬ್ಲಿನ್ನಿನ ರಾಷ್ಟ್ರೀಯ ಹೆರಿಗೆ ಆಸ್ಪತ್ರೆಯ 2024ರ ಪ್ರಯೋಗದಲ್ಲಿ ಮೊದಲ ಯತ್ನಕ್ಕೇ ಟ್ಯೂಬ್ ಸರಿಯಾಗಿ ಹೋದದ್ದು ವಿಡಿಯೊದಲ್ಲಿ 74 ಶೇಕಡಾ, ಬರಿಗಣ್ಣಿನಲ್ಲಿ 45 ಶೇಕಡಾ. ಆಸ್ಪತ್ರೆಗೆ ಹಣವಿದ್ದರೆ ಕೊಳ್ಳಬಹುದು, ಆದರೆ ಮಾಸ್ಕ್, ಬ್ಯಾಗ್, ಆಕ್ಸಿಮೀಟರ್ ಎಲ್ಲ ಹೆರಿಗೆ ಮೇಜಿಗೂ ತಲುಪಿದ ಮೇಲೆ. ಯಾವುದರಿಂದ ಹಾಕಿದರೂ ಒಂದು ಯತ್ನಕ್ಕೆ 30 ಸೆಕೆಂಡು ಮಿತಿ.

ಇನ್ನೊಂದು, ದೊಡ್ಡ ಆಸ್ಪತ್ರೆಯ ನವಜಾತ ಶಿಶು ತಜ್ಞರು ವಿಡಿಯೊ ಕರೆಯಲ್ಲಿ ಮಗುವನ್ನು ನೋಡುತ್ತ ಹೇಳಿಕೊಡುವುದು. ಅಮೆರಿಕದ ಮೇಯೊ ಕ್ಲಿನಿಕ್ ಸಣ್ಣ ಆಸ್ಪತ್ರೆಗಳಿಗೆ ಇದನ್ನು ನಡೆಸುತ್ತಿದೆ. ನಮ್ಮಲ್ಲಿ ಮಾಡುವುದಾದರೆ ಕರೆ ಹಚ್ಚುವುದು ಆಯಾ ಅಥವಾ ಮೂರನೆಯವರ ಕೆಲಸವಾಗಬೇಕು, ಮಾಸ್ಕ್ ಹಿಡಿದ ಕೈ ಫೋನ್ ಮುಟ್ಟಬಾರದು. ಟ್ಯಾಬ್ಲೆಟ್ ಸ್ಟ್ಯಾಂಡಿನ ಮೇಲೆ, ಸ್ಪೀಕರ್ ಆನ್, ಚಾರ್ಜರ್ ಸಿಕ್ಕಿಸಿಯೇ ಇರಲಿ. ಪ್ರತಿ ಶಿಫ್ಟ್ ಬದಲಾದಾಗ ಒಂದು ಪರೀಕ್ಷಾ ಕರೆ ಮಾಡಿ, ಆ ಕಡೆಯವರಿಗೆ ಗೊಂಬೆಯ ಎದೆ ಏಳುವುದು ಕಾಣುತ್ತಿದೆಯೇ ಎಂದು ಕೇಳಿ, ವಾರ್ಡಿನ ಪುಸ್ತಕದಲ್ಲಿ ಸಮಯ ಬರೆದು ಸಹಿ ಹಾಕಿ.